ಬ್ರಹ್ಮಗಿರಿಯ ಬೋಕಿಗಳು

ಸ್ಕಾಟ್ಲೆಂಡಿನ ಕರ್ಕಾಡಿ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಯಾರಾಗತೊಡಗಿದ ‘ವೀಮ್ಸ್’ ಪಾತ್ರೆಗಳನ್ನು ಸಂಗ್ರಾಹಕರು ಇಂದಿಗೂ ಹುಡುಕಿ ಹುಡುಕಿ ಕೊಳ್ಳುತ್ತಾರೆ. ಕೈಯಿಂದಲೇ ಬರೆದ ಗುಲಾಬಿ, ಹುಂಜಗಳ ಚಿತ್ರ ಅವುಗಳ ಹೆಚ್ಚುಗಾರಿಕೆ. ಮಗುಚಿ ನೋಡಿದರೆ ತಳದಲ್ಲಿ ಹೆಸರಿನ ಮುದ್ರೆ. ಎಷ್ಟು ಕೈ ಬದಲಾದರೂ ಹುಟ್ಟು ಮರೆಯಾಗದು. ನಮ್ಮ ಚಿತ್ರದುರ್ಗ ಸೀಮೆಯ ಚಿತ್ರಿತ ಮಡಕೆಗೆ ಆ ಭಾಗ್ಯವಿಲ್ಲ. ಅದರ ಮುದ್ರೆ ಇರುವುದು ಅದು ಬಿದ್ದಿರುವ ಮಣ್ಣಿನಲ್ಲಿ.

ಇದನ್ನು ಇಲ್ಲಿ ತೋರಿಸಿಕೊಟ್ಟವರು ಅದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ಮಾರ್ಟಿಮರ್ ವೀಲರ್ ಎಂಬುದೊಂದು ಸೋಜಿಗ. ಚಳ್ಳಕೆರೆಯಿಂದ ಉತ್ತರಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿ ಇದೆ. 1892ರಲ್ಲಿ ರೈಸ್ ಸಾಹೇಬರು ಇಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. ಅದರಲ್ಲಿ ಬರುವ ‘ಇಸಿಲ’ ಈ ತಾಣವೇ ಎಂಬುದು ಹಲವು ವಿದ್ವಾಂಸರ ಮತ. ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆಸಿದರು. ಭಾರತ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ವೀಲರ್ 1947ರಲ್ಲಿ ಮತ್ತೆ ಅಗೆಸಿದಾಗ ಮೂರು ಕಾಲದ ಬದುಕು ಒಂದರ ಮೇಲೊಂದು ಮಲಗಿದ್ದುದು ಸ್ಪಷ್ಟವಾಯಿತು. ತಳದಲ್ಲಿ ಕಲ್ಲುಕೊಡಲಿಯವರು, ನಡುವೆ ಬೃಹತ್ ಶಿಲಾಸಮಾಧಿ ಕಟ್ಟಿದವರ ಕಪ್ಪು-ಕೆಂಪು ಮಡಕೆ, ಮೇಲೆ ಶಾತವಾಹನ ಕಾಲದ್ದು.

ಈ ಮೇಲಿನ ಪದರದ ಚಿತ್ರಿತ ಬೋಕಿಗಳು ನೋಡತಕ್ಕವು. ಬಿಳಿಯ ಬಣ್ಣದಲ್ಲಿ ನೇರಗೆರೆ, ಓರೆಗೆರೆಗಳು. ಜೊತೆಗೆ ಕಾವಿಯ ತೆಳುಲೇಪ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಬರೆಯುವ ಹೆಂಗಸರ ಕೈ ನೆನಪಾಗುತ್ತದೆ. ಆದರೆ ಕಾಲ ಯಾವುದು? ಅದೇ ಪದರದಲ್ಲಿ, ಹಲ್ಲುಗಾಲಿ ಉರುಳಿಸಿದಂತೆ ಕಚ್ಚುಗೆರೆ ಮೂಡಿಸಿದ ಬೇರೊಂದು ಜಾತಿಯ ಬೋಕಿಗಳೂ ಸಿಕ್ಕಿದವು. ಅಂಥವೇ 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಮಡಕೆಗಳ ತಾಣದಲ್ಲಿ ದೊರೆತಿದ್ದವು. ಇಟಲಿಯ ಮಡಕೆಯ ಕಾಲ ಗೊತ್ತಿತ್ತು. ಹೀಗೆ ಕಡಲಾಚೆಯ ಮಡಕೆಯೊಂದು ಬ್ರಹ್ಮಗಿರಿಯ ಕುಂಬಾರನ ಪರವಾಗಿ, ಕ್ರಿಸ್ತಶಕ ಒಂದನೆಯ ಶತಮಾನವೆಂದು ಸಾಕ್ಷಿ ನುಡಿಯಿತು!

ಕೆಳಗಿನ ಪದರಗಳಿಗೆ ವೀಲರ್ ಕೊಟ್ಟ ಕಾಲವೇನೋ ನಿಲ್ಲಲಿಲ್ಲ. ಶಿಲಾಸಮಾಧಿಯವರು ಕ್ರಿಸ್ತಪೂರ್ವ 200ರ ಆಚೀಚೆ ಬಂದವರೆಂದು ಅವರ ಎಣಿಕೆ. ಹಳ್ಳೂರು ಮೊದಲಾದೆಡೆಯ ಇಂಗಾಲ ಪರೀಕ್ಷೆ ಆ ಸಂಸ್ಕೃತಿಯನ್ನು ಸುಮಾರು 1000ಕ್ಕೆ ಒಯ್ದಿತು. ಪದರಗಳ ಕ್ರಮ ಮಾತ್ರ ಕದಲಲಿಲ್ಲ. ಕ್ರಮ ಬರೆದಿಟ್ಟಿದ್ದರಿಂದಲೇ ತಪ್ಪನ್ನು ತಿದ್ದುವುದು ಸಾಧ್ಯವಾಯಿತು.

ಆ ಕಡೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟ. ತುಂಬ ಬೋಕಿಗಳು. “ಎಷ್ಟು ಹಳೇವು ಸಾರ್?” ಎಂದ. ಬಣ್ಣ ನೋಡಿ ಜಾತಿ ಹೇಳಬಹುದಿತ್ತು. ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂದು ಕೇಳಿದೆ. ಗುಡ್ಡದ ಬುಡದಲ್ಲಿ, ಮಳೆ ಕೊರೆದ ದರೆಗಳಿಂದ ನಾಲ್ಕಾರು ಕಡೆ ಕಿತ್ತು ತಂದಿದ್ದನಂತೆ. ಎಲ್ಲವನ್ನೂ ಚೆನ್ನಾಗಿ ತೊಳೆದು ಒಂದೇ ಪೆಟ್ಟಿಗೆಗೆ ಹಾಕಿದ್ದ.