ಬೆಳಗಿನ ಹಿಮ, ಮಧ್ಯಾಹ್ನದ ಹಿಮ: ಸ್ಕೀ ಹಲಗೆ ಮತ್ತೆ ಅಗಲವಾದ ಕಥೆ

ಉತ್ತರ ಸ್ವೀಡನ್ನಿನ ಕಾಲ್ವ್‌ಟ್ರಾಸ್ಕ್ ಎಂಬಲ್ಲಿ 1924ರಲ್ಲಿ ಜೌಗು ನೆಲವನ್ನು ಅಗೆಯುತ್ತಿದ್ದವರಿಗೆ ಮರದ ಹಲಗೆಗಳೂ ಸಲಿಕೆಯಂಥ ತುದಿಯ ಒಂದು ಕೋಲೂ ಸಿಕ್ಕವು. ತಜ್ಞರ ಲೆಕ್ಕದ ಪ್ರಕಾರ ಅವಕ್ಕೆ 5 ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಅವು ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಾಗಿದ್ದವು. ಒಂದೊಂದರ ಉದ್ದ 2 ಮೀಟರಿಗಿಂತ ತುಸು ಹೆಚ್ಚು, ಅಗಲ 15 ಸೆಂ.ಮೀ. ಆ ಅಗಲವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ 1980ರ ದಶಕದಲ್ಲಿ ಯೂರೋಪಿನ ಇಳಿಜಾರುಗಳಲ್ಲಿ ಪಂದ್ಯ ಓಡುತ್ತಿದ್ದವರ ಸ್ಕೀಗಳ ನಡುವಿನ ಅಗಲ ಆರೂವರೆ ಸೆಂ.ಮೀ. ಆಸುಪಾಸಿಗೆ ಇಳಿದಿತ್ತು. ಆಮೇಲಿನ 20 ವರ್ಷಗಳಲ್ಲೇ ಅದು ಮತ್ತೆ ಉಬ್ಬಿ 13 ಸೆಂ.ಮೀ.ವರೆಗೂ ಹೋಯಿತು. ಈಗ ದಿನವಿಡೀ ಬಳಸುವ ಪುಡಿಹಿಮದ ಸ್ಕೀ ಎಂದು ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವುದು ಹೆಚ್ಚುಕಡಿಮೆ ಹತ್ತೂವರೆಯಿಂದ ಹನ್ನೊಂದೂವರೆ ಸೆಂ.ಮೀ. ಅಗಲದ್ದು. ಒಂದು ಹಲಗೆ ಇಷ್ಟು ಸಲ ಮನಸ್ಸು ಬದಲಾಯಿಸಿದ್ದು ಏಕೆ?

ಮೊದಲು ಪುಡಿಹಿಮವೆಂದರೇನು ಎಂದು ತಿಳಿಯಬೇಕು. ಚಳಿಯಲ್ಲಿ ಹೊಸದಾಗಿ ಬಿದ್ದ ಒಣ ಹಿಮದಲ್ಲಿ ಬಹುಪಾಲು ಗಾಳಿಯೇ. ಒಂದು ಘನ ಮೀಟರ್ ನೀರು 1,000 ಕಿಲೊ ತೂಗಿದರೆ ಅಷ್ಟೇ ಜಾಗ ತುಂಬಿದ ಹೊಸ ಹಿಮ 50ರಿಂದ 100 ಕಿಲೊ ಮಾತ್ರ. ಕಣಜದ ಹೊಟ್ಟಿನ ರಾಶಿಯಲ್ಲಿ ಕಾಲಿಟ್ಟಂತೆ ಮನುಷ್ಯ ಅದರಲ್ಲಿ ಸೊಂಟದವರೆಗೆ ಹೂತುಹೋಗಬಲ್ಲ. ಕೆಸರುಗದ್ದೆಗೆ ಹಲಗೆ ಹಾಸಿ ದಾಟುವವರಿಗೆ ಇದರ ಪರಿಹಾರ ಹೇಳಿಕೊಡಬೇಕಿಲ್ಲ: ಭಾರವನ್ನು ಹೆಚ್ಚು ಜಾಗಕ್ಕೆ ಹಂಚಬೇಕು. ಕಾಲ್ವ್‌ಟ್ರಾಸ್ಕಿನ ಬೇಟೆಗಾರ ಮಾಡಿದ್ದು ಅದನ್ನೇ. ಚೀನಾದ ಷಿನ್‌ಜಿಯಾಂಗ್‌ನ ಅಲ್ತಾಯ್ ಬೆಟ್ಟಗಳಲ್ಲೂ ಅಗಲವಾದ ಮರದ ಸ್ಕೀಗಳ ಅಡಿಗೆ ಕುದುರೆಯ ತೊಗಲು ಹೊದಿಸುವ ಪದ್ಧತಿ ಇದೆ. ರೋಮ ಹಿಂದಕ್ಕೆ ಬಾಗಿರುವುದರಿಂದ ಏರು ಹತ್ತುವಾಗ ಹಲಗೆ ಹಿಂದೆ ಜಾರದು, ಇಳಿಯುವಾಗ ತಡೆಯದು. ಸ್ಕೀ ಎಂಬ ಪದವಾದರೂ ಹಳೆಯ ನಾರ್ಸ್ ಭಾಷೆಯದು. ಸೀಳಿದ ಮರದ ತುಂಡು ಎಂಬುದು ಅದರ ಅರ್ಥ.

ಸಪೂರವಾದದ್ದು ಹೇಗೆ?

ಬೇಟೆಗೆ, ಓಡಾಟಕ್ಕೆ ಇದ್ದ ಹಲಗೆಯನ್ನು ಆಟದ ಸಾಧನವಾಗಿ ಮಾಡಿದವರು ನಾರ್ವೆಯವರು. ಟೆಲೆಮಾರ್ಕ್ ಪ್ರಾಂತದ ಸೋಂಡ್ರೆ ನೋರ್‌ಹೈಮ್ 1868ರಲ್ಲಿ ರಾಜಧಾನಿ ಕ್ರಿಶ್ಚಿಯಾನಿಯಾದ ಪಂದ್ಯದಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ. ಅವನ ಹಲಗೆಗೆ ತುದಿ, ಬಾಲಗಳಿಗಿಂತ ಸಣ್ಣದಾದ ನಡುವಿತ್ತು. ಡಮರುವಿನ ಆಕಾರವನ್ನು ಎಳೆದು ಉದ್ದ ಮಾಡಿದರೆ ಹೇಗೋ ಹಾಗೆ. ಇಂಥ ಹಲಗೆಯನ್ನು ಒಂದು ಬದಿಗೆ ವಾಲಿಸಿದರೆ ಅದು ತಾನಾಗಿಯೇ ತಿರುವು ಹಿಡಿಯುತ್ತದೆ.

ಮುಂದೆ ಈ ಆಟ ಆಲ್ಪ್ಸ್ ಪರ್ವತಗಳಿಗೆ ಹೋಯಿತು. ಸಾವಿರಾರು ಜನ ಒಂದೇ ಇಳಿಜಾರಿನಲ್ಲಿ ಇಳಿದಾಗ ಹಿಮ ಗಟ್ಟಿಯಾಗಿ ರಸ್ತೆಯಂತಾಗುತ್ತದೆ. ಅಲ್ಲಿ ಮುಳುಗುವ ಭಯವಿಲ್ಲ, ಜಾರಿ ಹೋಗುವ ಭಯವಿದೆ. ಆಸ್ಟ್ರಿಯಾದ ರುಡಾಲ್ಫ್ ಲೆಟ್ನರ್ 1920ರ ದಶಕದಲ್ಲಿ ಹಲಗೆಯ ಅಂಚಿಗೆ ಉಕ್ಕಿನ ಪಟ್ಟಿ ಕೂರಿಸಿದ. ಅಮೆರಿಕದಲ್ಲಿ ವಿಮಾನ ಕಾರ್ಖಾನೆಯ ಎಂಜಿನಿಯರಾಗಿದ್ದ ಹೊವರ್ಡ್ ಹೆಡ್ ಮರದ ಮೇಲೂ ಕೆಳಗೂ ಅಲ್ಯೂಮಿನಿಯಂ ಹಾಳೆ ಅಂಟಿಸಿ, 1950ರ ಹೊತ್ತಿಗೆ ಮುರಿಯದ ಸ್ಕೀ ಮಾಡಿದ. ತಿರುಗಿಸುವುದು ಅದೆಷ್ಟು ಸುಲಭವಾಯಿತೆಂದರೆ ಹಳಬರು ಅದನ್ನು ‘ಮೋಸದ ಹಲಗೆ’ ಎಂದು ಗೇಲಿ ಮಾಡಿದರು. ಈ ಗೇಲಿ ಮುಂದೆಯೂ ಒಮ್ಮೆ ಕೇಳಿಬರಲಿದೆ.

ಗಟ್ಟಿ ಹಿಮದ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೇಗ ಹೊರಳಲು ಸಪೂರ ಹಲಗೆಯೇ ಮೇಲು. ಗೆಲ್ಲುವವರು ಯಾವುದನ್ನು ತೊಟ್ಟರೋ ಅದನ್ನೇ ಕೊಳ್ಳುವವರೂ ಕೇಳಿದರು. ಹೀಗೆ 2 ಮೀಟರ್ ಉದ್ದ, ಬೆರಳೆಣಿಕೆಯ ಅಗಲದ ಸ್ಕೀ ಎಲ್ಲರದಾಯಿತು. ಪುಡಿಹಿಮದಲ್ಲಿ ಅದು ಚಾಕುವಿನಂತೆ ಒಳಗಿಳಿಯುತ್ತಿತ್ತು. ಎರಡೂ ಕಾಲು ಜೋಡಿಸಿ, ಮೈಯನ್ನು ತಾಳಕ್ಕೆ ಸರಿಯಾಗಿ ಏರಿಳಿಸುತ್ತಾ ತೇಲಬಲ್ಲವರು ಕೆಲವರೇ. ಆ ಕೆಲವರಿಗೆ ಅದೊಂದು ಹೆಮ್ಮೆಯ ವಿದ್ಯೆ. ಉಳಿದವರು ನಾಲ್ಕು ಮಾರು ಹೋಗಿ ಮುಗ್ಗರಿಸಿ, ಹಿಮದೊಳಗೆ ಕಳೆದ ಹಲಗೆ ಹುಡುಕುವುದರಲ್ಲೇ ಬೆಳಿಗ್ಗೆ ಕಳೆಯುತ್ತಿದ್ದರು.

ಇಲ್ಲೊಂದು ಮಾತು. ಬಯಲಿನ ಹಾದಿಯಲ್ಲಿ ಕಿಲೊಮೀಟರ್‌ಗಟ್ಟಲೆ ಓಡುವ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಬೇರೆಯೇ ಆಟ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದಲ್ಲಿ ಕಂಚಿನ ಪದಕ ಗೆದ್ದದ್ದು ಆ ಆಟದಲ್ಲಿ. ಅದರ ಹಲಗೆ ಅಂದೂ ಸಪೂರ, ಇಂದೂ ಸಪೂರ. ಇಲ್ಲಿನ ಕಥೆ ಬೆಟ್ಟ ಇಳಿಯುವವರದು.

ಗರಗಸ ಹಿಡಿದ ಎಂಜಿನಿಯರ್

ಹಾನ್ಸ್ ಗ್ಮೋಸರ್ ಎಂಬ ಪರ್ವತ ಮಾರ್ಗದರ್ಶಕ 1965ರಲ್ಲಿ ಕೆನಡಾದ ಬುಗಾಬೂ ಪರ್ವತಗಳಿಗೆ ಹೆಲಿಕಾಪ್ಟರಿನಲ್ಲಿ ಜನರನ್ನು ಕರೆದೊಯ್ಯತೊಡಗಿದ. ಐದು ವರ್ಷದ ನಂತರ ಮೈಕ್ ವೀಗೆಲೆ ಅದೇ ವ್ಯಾಪಾರಕ್ಕಿಳಿದ. ಯಾರೂ ತುಳಿಯದ ಹಿಮಕ್ಕಾಗಿ ದುಡ್ಡು ತೆರಬಲ್ಲ ಗಿರಾಕಿಗಳಿದ್ದರು. ಆದರೆ ದುಡ್ಡಿದ್ದವರಿಗೆಲ್ಲ ಆ ವಿದ್ಯೆ ಇರಲಿಲ್ಲ. ಗುಂಪಿನಲ್ಲಿ ಒಬ್ಬ ಬಿದ್ದರೆ ಎಲ್ಲರೂ ಕಾಯಬೇಕು, ಕೆಳಗೆ ಹೆಲಿಕಾಪ್ಟರ್ ಕೂಡ ಕಾಯಬೇಕು.

1980ರ ದಶಕದ ಕೊನೆಯಲ್ಲಿ ಆಸ್ಟ್ರಿಯಾದ ಅಟಾಮಿಕ್ ಕಂಪನಿಯ ರುಪರ್ಟ್ ಹ್ಯೂಬರ್ ಎಂಬ ಎಂಜಿನಿಯರ್ ಒಂದು ಸ್ನೋಬೋರ್ಡನ್ನು ಉದ್ದಕ್ಕೆ ಎರಡು ಸೀಳಾಗಿ ಕೊಯ್ದು, ಒಂದೊಂದಕ್ಕೂ ಸ್ಕೀ ಬೂಟಿನ ಬಿಗಿಗಳನ್ನು ಕೂರಿಸಿ ನೋಡಿದ. ಎರಡೂ ಕಾಲಿಗೆ ಸೇರಿ ಒಂದೇ ಅಗಲ ಹಲಗೆ ಇರುವ ಸ್ನೋಬೋರ್ಡಿನ ಹುಡುಗರು ಪುಡಿಹಿಮದಲ್ಲಿ ಲೀಲಾಜಾಲವಾಗಿ ತೇಲುತ್ತಿದ್ದುದನ್ನು ಕಂಡೇ ಬಂದ ಯೋಚನೆ ಅದು. ಇದರಿಂದ ಹುಟ್ಟಿದ ‘ಪೌಡರ್ ಪ್ಲಸ್’ ಸ್ಕೀಯ ನಡುವಿನ ಅಗಲ ಸುಮಾರು 11 ಸೆಂ.ಮೀ.

ಲೆಕ್ಕ ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. 200 ಸೆಂ.ಮೀ. ಉದ್ದದ, ಸರಾಸರಿ 7 ಸೆಂ.ಮೀ. ಅಗಲದ ಹಳೆಯ ಹಲಗೆ ಹಿಮವನ್ನು ಒತ್ತುವುದು 1,400 ಚದರ ಸೆಂ.ಮೀ. ಜಾಗದಲ್ಲಿ. ಹೊಸದರ ಉದ್ದವನ್ನು 185ಕ್ಕೆ ಇಳಿಸಿ ಸರಾಸರಿ ಅಗಲವನ್ನು 12 ಮಾಡಿದರೆ 2,220 ಚದರ ಸೆಂ.ಮೀ. ಗಿಡ್ಡ ಹಲಗೆ, ಆದರೆ ಆಸರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ವೀಗೆಲೆಯಂಥವರು ಅದನ್ನು ಬೇಗ ಒಪ್ಪಿಕೊಂಡರು. ನಿಪುಣರು ಒಪ್ಪಲಿಲ್ಲ. ಅದು ಮುದುಕರ ಹಲಗೆ, ಕಲಿಯದವರ ಹಲಗೆ ಎಂಬ ಮಾತು ಮತ್ತೆ ಎದ್ದಿತು. ಬಹುಕಾಲ ಬೆವರು ಸುರಿಸಿ ಕಲಿತದ್ದನ್ನು ಪಕ್ಕದವನು ಒಂದೇ ಬೆಳಿಗ್ಗೆ ಬಾಡಿಗೆಗೆ ಪಡೆದರೆ ಸಿಟ್ಟು ಬರುವುದು ಸಹಜವೇ.

ಆ ಬಿಗುಮಾನವನ್ನು ಒಡೆದವನು ಸ್ವತಃ ನಿಪುಣನೇ. ಶೇನ್ ಮ್ಯಾಕಾಂಕಿ ಅಮೆರಿಕದ ಹೆಸರಾಂತ ಸ್ಕೀಯರ್, ಜೊತೆಗೆ ತುಂಟ. 1996ರಲ್ಲಿ ಅರ್ಜೆಂಟೀನಾದ ಒಂದು ಬಾರಿನಲ್ಲಿ ಕೂತು ಕಾಗದದ ಕರವಸ್ತ್ರದ ಮೇಲೆ ವಿಚಿತ್ರ ಸ್ಕೀಯೊಂದರ ಚಿತ್ರ ಬರೆದ. ಎಲ್ಲ ಸ್ಕೀಗಳೂ ನೆಲದ ಮೇಲಿಟ್ಟರೆ ಬಿಲ್ಲಿನಂತೆ ನಡು ಮೇಲಕ್ಕೆ ಎದ್ದಿರುತ್ತವೆ. ಅವನದು ದೋಣಿಯಂತೆ ನಡು ಕೆಳಗೆ, ಎರಡು ತುದಿ ಮೇಲೆ. ಎಲ್ಲವೂ ನಡುವಿನಲ್ಲಿ ಸಣ್ಣ. ಅವನದು ನಡುವಿನಲ್ಲೇ ದಪ್ಪ. ಪುಡಿಹಿಮ ನೆಲವಲ್ಲ, ನೀರಿನಂಥದ್ದು. ಹಾಗಿದ್ದರೆ ಅದರ ಮೇಲೆ ಹೋಗುವುದಕ್ಕೆ ದೋಣಿಯ ಆಕಾರ ಬೇಡವೇ ಎಂಬುದು ಅವನ ತರ್ಕ. ನಂಬದವರಿಗಾಗಿ 2001ರಲ್ಲಿ ಅಲಾಸ್ಕಾದಲ್ಲಿ ನೀರಿನ ಮೇಲೆ ಜಾರುವ ವಾಟರ್ ಸ್ಕೀಗಳಿಗೇ ಬಿಗಿ ಹಾಕಿಕೊಂಡು ಹಿಮದ ಬೆಟ್ಟ ಇಳಿದು ತೋರಿಸಿದ! ಮರುವರ್ಷ ವೊಲಾಂಟ್ ಕಂಪನಿ ಅವನ ಹಲಗೆಯನ್ನು ಮಾರುಕಟ್ಟೆಗೆ ತಂದಿತು. ಹೆಸರು ‘ಸ್ಪ್ಯಾಟುಲಾ’, ಅಂದರೆ ನಮ್ಮ ದೋಸೆ ಮಗುಚುವ ಸಟ್ಟುಗ. 2006ರಲ್ಲಿ ಕೆ2 ಕಂಪನಿಯ ‘ಪಾಂಟೂನ್’ ಬಂದಾಗ ನಡು 13 ಸೆಂ.ಮೀ., ಮೂತಿ 16 ಸೆಂ.ಮೀ. ಮುಟ್ಟಿತ್ತು. ಮ್ಯಾಕಾಂಕಿ 2009ರ ಮಾರ್ಚ್‌ನಲ್ಲಿ ಇಟಲಿಯ ಡೊಲೊಮೈಟ್ ಪರ್ವತಗಳಲ್ಲಿ, ಸ್ಕೀಯಲ್ಲಿ ಬಂಡೆಯಿಂದ ಜಿಗಿದು ಪ್ಯಾರಾಚೂಟ್ ಬಿಚ್ಚುವ ಸಾಹಸದಲ್ಲಿ ಸತ್ತ. ಅವನಿಗೆ ಆಗ 39 ವರ್ಷ.

ಹಿಮವನ್ನು ತಿಂದುಬಿಟ್ಟ ಹಲಗೆ

ಕಥೆ ಇಲ್ಲಿಗೇ ಸುಖಾಂತವಾಗಬೇಕಿತ್ತು. ಆದರೆ ಅಗಲ ಹಲಗೆ ಹುಟ್ಟಿದ್ದು ಹೆಲಿಕಾಪ್ಟರಿನ ಬೆಟ್ಟಕ್ಕಾಗಿ, ಬಹುಪಾಲು ಜನ ಹೋಗುವುದು ರೆಸಾರ್ಟಿಗೆ. ಶಾಸಕರನ್ನು ಕೂಡಿಹಾಕುವ ರೆಸಾರ್ಟ್ ಇದಲ್ಲ. ತಂತಿಯ ಮೇಲೆ ಓಡುವ ಕುರ್ಚಿಗಳಿರುವ, ರಾತ್ರಿ ಯಂತ್ರದಿಂದ ಹಿಮ ಹದಮಾಡುವ, ಬೆಳಿಗ್ಗೆ ಟಿಕೆಟ್ ಕೊಟ್ಟು ಬಿಡುವ ಬೆಟ್ಟ. 1981ರಲ್ಲಿ ಕೊಲೊರಾಡೊದ ಬ್ರೆಕೆನ್‌ರಿಜ್‌ನಲ್ಲಿ ನಾಲ್ವರು ಕೂರುವ ವೇಗದ ಕುರ್ಚಿ ಓಡತೊಡಗಿತು. ಅಂಥವು ಎಲ್ಲೆಡೆ ಹಬ್ಬಿದ ಮೇಲೆ ಗಂಟೆಗೆ ಸಾವಿರಾರು ಜನ ತುದಿ ತಲುಪುವಂತಾಯಿತು. ಮೊದಲು ಅವರಲ್ಲಿ ಬಹಳಷ್ಟು ಮಂದಿ ಪುಡಿಹಿಮ ಕಂಡರೆ ಹದಮಾಡಿದ ಹಾದಿಗೆ ತಿರುಗಿಬಿಡುತ್ತಿದ್ದರು. ಕಾಲಿಗೆ ಅಗಲ ಹಲಗೆ ಬಂದದ್ದೇ ಅವರೂ ಪುಡಿಹಿಮಕ್ಕೇ ನುಗ್ಗಿದರು. ಹಿಂದೆ ಎರಡು-ಮೂರು ದಿನ ಉಳಿಯುತ್ತಿದ್ದ ಹೊಸ ಹಿಮ ಬೆಳಿಗ್ಗೆ ಹನ್ನೊಂದಕ್ಕೆ ಮುಗಿಯತೊಡಗಿತು. ಎಲ್ಲರಿಗೂ ಪುಡಿಹಿಮ ತಂದುಕೊಟ್ಟ ಹಲಗೆ ಯಾರಿಗೂ ಅದು ಮಧ್ಯಾಹ್ನದವರೆಗೆ ಸಿಗದಂತೆಯೂ ಮಾಡಿತು.

ಹನ್ನೊಂದರ ಮೇಲೆ ಉಳಿಯುವುದೇನು? ಅಡ್ಡಾದಿಡ್ಡಿ ಉತ್ತು ಬಿಟ್ಟ ಹೊಲದಂಥ ಇಳಿಜಾರು. ಒಂದೆಡೆ ಮೆತ್ತನೆ ರಾಶಿ, ಪಕ್ಕದಲ್ಲಿ ಕೆರೆದ ಗಟ್ಟಿ ನೆಲ. ಎರಡು ಗಂಟೆಗೆ ಹಿಮದ ಗುಡ್ಡೆಗಳು, ಸಂಜೆ ಮನೆಗೆ ಮರಳುವ ಹಾದಿ ಕಲ್ಲಿನಂತೆ. ಅಲ್ಲಿ 13 ಸೆಂ.ಮೀ. ಹಲಗೆ ಶಿಕ್ಷೆ. ಬೂಟಿನ ಅಡಿಗಿಂತ ಹಲಗೆ ಬಹಳ ಅಗಲವಾದರೆ ಉಕ್ಕಿನ ಅಂಚು ಪಾದದಿಂದ ಹೊರಗೆ ದೂರ ಹೋಗುತ್ತದೆ. ಗಟ್ಟಿ ನೆಲ ಆ ಅಂಚನ್ನು ಮೀಟುಗೋಲಿನಂತೆ ಮೇಲಕ್ಕೆತ್ತಿ ಹಲಗೆಯನ್ನು ಚಪ್ಪಟೆ ಮಾಡಲು ನೋಡುತ್ತದೆ. ಅದನ್ನು ತಡೆಯಬೇಕಾದುದು ಮೊಣಕಾಲು. ದಿನದ ಕೊನೆಯ ಇಳಿತದಲ್ಲಿ, ದಣಿದ ಕಾಲಿನಲ್ಲಿ, ಇದು ಸಣ್ಣ ವಿಷಯವಲ್ಲ.

ಆದ್ದರಿಂದಲೇ ದಿನವಿಡೀ ಆಗುವ ಪುಡಿಹಿಮದ ಸ್ಕೀ ಎಂಬ ರಾಜಿಯ ಹಲಗೆ ರೂಪುಗೊಂಡಿತು. ಸುಮಾರು 2010ರ ಹೊತ್ತಿಗೆ ಅದರ ಆಕಾರ ನಿಂತಿತು. ಮ್ಯಾಕಾಂಕಿಯ ದೋಣಿಮೂತಿ ಉಳಿಯಿತು, ಆದರೆ ಮೂತಿಗೂ ಅಲ್ಪಸ್ವಲ್ಪ ಬಾಲಕ್ಕೂ ಮಾತ್ರ. ಪಾದದ ಅಡಿಯಲ್ಲಿ ಹಳೆಯ ಬಿಲ್ಲಿನ ಬಾಗು ಮರಳಿತು, ಗಟ್ಟಿ ಹಿಮ ಕಚ್ಚಲು. ಡಮರುವಿನ ನಡುವೂ ಮರಳಿತು. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಅದನ್ನು ಇನ್ನಷ್ಟು ಕೊರೆದು ತಿರುವನ್ನು ಸುಲಭಮಾಡಿದ ಪಾಠ ಯಾರಿಗೂ ಮರೆತಿರಲಿಲ್ಲ.

ಇಂದಿನ ಸ್ಕೀಯ ಮೇಲೆ 134-108-124 ಎಂಬಂಥ ಮೂರು ಅಂಕಿಗಳಿರುತ್ತವೆ: ಮೂತಿ, ನಡು, ಬಾಲದ ಅಗಲ ಮಿಲಿಮೀಟರುಗಳಲ್ಲಿ. ಕೊಳ್ಳುವವರು ನೋಡುವುದು ನಡುವಿನದನ್ನು. ಅದು ತಪ್ಪಲ್ಲ, ಆದರೆ ಸಾಲದು. ತೂಕವನ್ನೂ ಕೇಳಬೇಕು. ಹಗುರ ಹಲಗೆ ಬೆಳಿಗ್ಗೆ ಹಿತ, ಮಧ್ಯಾಹ್ನದ ಕಲಸಿದ ಹಿಮದಲ್ಲಿ ಕಂಡಕಂಡಲ್ಲಿ ಎಗರುತ್ತದೆ. ಒಳಗೆ ಲೋಹದ ಹಾಳೆ ಇರುವುದು ರಾಶಿಗಳನ್ನು ಸೀಳಿಕೊಂಡು ಹೋಗುತ್ತದೆ, ಆದರೆ ಕಾಲಿನಲ್ಲಿ ಬಲ ಕೇಳುತ್ತದೆ. (ಆ ಲೋಹವನ್ನು ಟೈಟಾನಲ್ ಎನ್ನುತ್ತಾರೆ. ಹೆಸರು ಕೇಳಿ ಟೈಟೇನಿಯಂ ಎಂದು ಹಿಗ್ಗಬೇಕಿಲ್ಲ, ಅದು ಅಲ್ಯೂಮಿನಿಯಂ ಮಿಶ್ರಲೋಹ.) ವಾರಗಟ್ಟಲೆ ಹಿಮ ಸುರಿಯುವ ಜಪಾನಿನ ನಿಸೆಕೊದಂಥ ಕಡೆ 115 ಮಿ.ಮೀ. ಹೆಚ್ಚಾಗದು. ವಾರಕ್ಕೊಮ್ಮೆ ಹಿಮ ಬಿದ್ದು ಜನ ಮುತ್ತುವ ಕಡೆ 105 ದಾಟುವುದು ಜಂಬವೇ ಹೊರತು ಜಾಣತನವಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆ ನಿಜವಾಗಿ ಏಳುವುದು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ. 1998ರಲ್ಲಿ ಕೊಂಗ್‌ಡೋರಿಯವರೆಗೆ ಬಂದ ಗೊಂಡೊಲಾ ತೊಟ್ಟಿಲುಗಳು 2005ರಲ್ಲಿ ಅಫರ್ವತ್ ಪರ್ವತದ ಮೇಲೆ, 3,900 ಮೀಟರಿಗೂ ಎತ್ತರಕ್ಕೆ ಏರಿದವು. ಅಲ್ಲಿಂದ ಕೆಳಗೆ ಹದಮಾಡದ ಹಿಮವೇ ಹೆಚ್ಚು; ವಿದೇಶಿಯರು ಅಗಲ ಹಲಗೆ ಹೊತ್ತು ಬರುವುದು ಅದಕ್ಕೇ. ಆದರೆ ಅಗಲ ಹಲಗೆ ಮುಳುಗದಂತೆ ಕಾಯುತ್ತದೆಯೇ ಹೊರತು ಹಿಮಪಾತದಿಂದ ಕಾಯದು. 2023ರ ಫೆಬ್ರುವರಿಯಲ್ಲಿ ಇದೇ ಅಫರ್ವತ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರುಗಳು ಸತ್ತರು. ವಿದ್ಯೆ ಇಲ್ಲದವನನ್ನೂ ಕಡಿದಾದ ಕಣಿವೆಯವರೆಗೆ ಸಲೀಸಾಗಿ ಕರೆದೊಯ್ಯುವ ಹಲಗೆಯ ಇನ್ನೊಂದು ಮುಖ ಇದು. ಹಿಮವೂ ಮೊದಲಿನಂತೆ ನೆಚ್ಚಿಕೆಯದಲ್ಲ: 2024ರ ಜನವರಿಯ ಬಹುಭಾಗ ಗುಲ್ಮಾರ್ಗ್‌ನ ಇಳಿಜಾರುಗಳು ಬರಿದಾಗಿದ್ದವು.

ಬೆಂಗಳೂರಿನಿಂದ ವಾರದ ಮಟ್ಟಿಗೆ ಹೋಗಿ ಮೊದಲ ಬಾರಿ ಸ್ಕೀ ಕಟ್ಟಿಕೊಳ್ಳುವವರಿಗೆ ಇದಾವುದೂ ಬೇಡ. ಕೆಳಗಿನ ಬಟ್ಟಲಿನಂಥ ಬಯಲಿನಲ್ಲಿ ಕಲಿಯಲು ಗಿಡ್ಡದಾದ, ನಡು 75ರಿಂದ 80 ಮಿ.ಮೀ. ಇರುವ ಮೆತ್ತನೆಯ ಹಲಗೆ ಸಾಕು. ಬಾಡಿಗೆಗೆ ಪಡೆಯುವ ಮೊದಲು ಎರಡನ್ನು ನೋಡಿಕೊಳ್ಳಬೇಕು: ಉಕ್ಕಿನ ಅಂಚು ಉಗುರಿನ ಮೇಲೆ ಎಳೆದರೆ ಸಣ್ಣಗೆ ಹೆರೆಯುವಷ್ಟು ಹರಿತವಿದೆಯೇ, ಮತ್ತು ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಬಿಗಿಯನ್ನು ಅಂಗಡಿಯವನು ತೂಕ ಕೇಳಿ ಹೊಂದಿಸಿದನೇ.