ಬೇಸಿಗೆಗೆ ಲೇಹ್, ಮಾಗಿಗೆ ಸ್ಕರ್ದು

ಲೇಹ್ ಪಟ್ಟಣದ ಕೆಳಗೆ ಹಾದು ವಾಯವ್ಯಕ್ಕೆ ಹರಿಯುವ ಸಿಂಧೂ ನದಿ ಸ್ಕರ್ದುವಿನ ಬಯಲಿಗೆ ಇಳಿಯುತ್ತದೆ. ಶಿಗರ್ ನದಿ ಅದನ್ನು ಕೂಡುವಲ್ಲಿ, ಕಡಿದಾದ ಬಂಡೆಯ ಮೇಲೆ ಖರ್ಪೋಚೊ ಕೋಟೆಯಿದೆ. ಬಾಲ್ಟಿಸ್ತಾನದ ಮಕ್ಪೋನ್ ದೊರೆಗಳ ನೆಲೆ ಅದು. 17ನೇ ಶತಮಾನದ ಹೊಸ್ತಿಲಲ್ಲಿ ಆ ವಂಶದ ಅಲಿ ಶೇರ್ ಖಾನ್ ಅಂಚನ್ ಲಡಾಖಿನ ಅರಸ ಜಮ್ಯಾಂಗ್ ನಂಗ್ಯಾಲನನ್ನು ಸೆರೆಹಿಡಿದನು. ಹಗೆ ಮದುವೆಯಲ್ಲಿ ತೀರಿತು. ಬಾಲ್ಟಿ ರಾಜಕುಮಾರಿ ಗ್ಯಾಲ್ ಖಾತೂನ್ ಆ ಬೌದ್ಧ ಅರಸನ ರಾಣಿಯಾದಳು. ಲೇಹ್‌ನ ಅರಮನೆ ಕಟ್ಟಿಸಿದ ಸೆಂಗೆ ನಂಗ್ಯಾಲ್ ಅವಳ ಮಗ. ಬೌದ್ಧ ಲಡಾಖ್ ಬೇರೆ, ಮುಸ್ಲಿಂ ಬಾಲ್ಟಿಸ್ತಾನ ಬೇರೆ ಎನ್ನುವವರು ಈ ತಾಯಿಮಗನನ್ನು ಮೊದಲು ನೆನೆಯಬೇಕು.

ಎರಡೂ ನಾಡುಗಳನ್ನು ಒಂದೇ ಆಳ್ವಿಕೆಗೆ ತಂದದ್ದು ಕತ್ತಿ. ಜಮ್ಮುವಿನ ಗುಲಾಬ್ ಸಿಂಗನ ಸೇನಾನಿ ಜೋರಾವರ್ ಸಿಂಗ್ 1834ರಲ್ಲಿ ಲಡಾಖಿಗೆ ನುಗ್ಗಿ, 1840ರಲ್ಲಿ ಸ್ಕರ್ದುವನ್ನು ಗೆದ್ದನು. ಮಕ್ಪೋನ್ ದೊರೆ ಅಹ್ಮದ್ ಶಾಹನ ಮೇಲೆ ಮುನಿದು ಲಡಾಖ್ ಸೇರಿದ್ದ ಮಗನೇ ಜೋರಾವರನಿಗೆ ನೆಪವಾದನು. ಮರುವರ್ಷ ಟಿಬೆಟ್ಟಿನ ಮೇಲೆ ದಂಡೆತ್ತಿ ಹೋದ ಜೋರಾವರ್ ಡಿಸೆಂಬರಿನ ಹಿಮದಲ್ಲಿ ಮಡಿದನು. 1842ರಲ್ಲಿ ದಂಗೆಯೆದ್ದ ಬಾಲ್ಟಿಗಳನ್ನು ಗುಲಾಬ್ ಸಿಂಗನ ಡೋಗ್ರಾ ಪಡೆ ನಿರ್ದಯವಾಗಿ ಅಡಗಿಸಿತು. 1846ರ ಅಮೃತಸರ ಒಪ್ಪಂದದಂತೆ 75 ಲಕ್ಷ ರೂಪಾಯಿಗೆ ಗುಲಾಬ್ ಸಿಂಗ್ ಕಾಶ್ಮೀರದ ಮಹಾರಾಜನಾದನು.

20ನೇ ಶತಮಾನದ ಆರಂಭದ ಹೊತ್ತಿಗೆ ಲಡಾಖ್ ವಜಾರತ್ ಎಂಬ ಆಡಳಿತ ಜಿಲ್ಲೆ ರೂಪುಗೊಂಡಿತು. ಲೇಹ್, ಕಾರ್ಗಿಲ್, ಸ್ಕರ್ದು ಅದರ ಮೂರು ತಹಸೀಲುಗಳು. ವಜೀರ್-ಎ-ವಜಾರತ್ ಎಂಬ ಅಧಿಕಾರಿ ಬೇಸಿಗೆಯಲ್ಲಿ ಲೇಹ್‌ನಲ್ಲಿ, ಮಾಗಿಯಲ್ಲಿ ಸ್ಕರ್ದುವಿನಲ್ಲಿ ಕಚೇರಿ ನಡೆಸುತ್ತಿದ್ದನು. ಲೇಹ್‌ಗಿಂತ ಸಾವಿರ ಮೀಟರಿಗೂ ಹೆಚ್ಚು ತಗ್ಗಿನಲ್ಲಿರುವ ಸ್ಕರ್ದುವಿನ ಚಳಿ ಸಹಿಸಬಹುದಾದದ್ದು. ಜೊಜಿ ಲಾ ಕಣಿವೆಮಾರ್ಗ ಹಿಮದಿಂದ ಮುಚ್ಚಿ ಶ್ರೀನಗರ ಕೈಗೆಟುಕದಾದಾಗಲೂ ಈ ನಾಡಿನ ಆಡಳಿತ ಹೀಗೆ ಸಿಂಧೂವಿನ ಜಾಡಿನಲ್ಲೇ ನಡೆಯುತ್ತಿತ್ತು. ದಫ್ತರದ ಜೊತೆಗೆ ವ್ಯಾಪಾರಿಗಳು, ಒಣಗಿಸಿದ ಜರ್ದಾಳು, ನೆಂಟರು, ಸುದ್ದಿ ಎಲ್ಲವೂ ಆ ದಾರಿಯಲ್ಲಿ ಓಡಾಡಿದವು. ಅದು ರಾಮರಾಜ್ಯವೇನೂ ಆಗಿರಲಿಲ್ಲ. ಅಧಿಕಾರಿಗಳ ಹೊರೆಗಳು ಕಡಿದಾದ ದಾರಿಯಲ್ಲಿ ಏರಿಳಿದದ್ದು ರೈತರ ಬೆನ್ನ ಮೇಲೆ. ಆ ಬಿಟ್ಟಿ ಚಾಕರಿಯ ನೋವನ್ನು ಮರೆತು ವಜಾರತ್ತನ್ನು ಹೊಗಳುವುದು ಅನ್ಯಾಯ. ಆದರೂ ಕಾರ್ಗಿಲ್ಲಿನವನು ಸ್ಕರ್ದುವಿಗೆ ಹೊರಟರೆ ಯಾರ ಅಪ್ಪಣೆಯನ್ನೂ ಬೇಡಬೇಕಿರಲಿಲ್ಲ.

ದೇಶ ವಿಭಜನೆಯ ಬೆನ್ನಲ್ಲೇ, 1947ರ ನವೆಂಬರಿನಲ್ಲಿ ಗಿಲ್ಗಿತ್ ಕಾಶ್ಮೀರದ ಮಹಾರಾಜನ ಕೈತಪ್ಪಿತು. ಫೆಬ್ರುವರಿಯಲ್ಲಿ ಸ್ಕರ್ದುವಿಗೆ ಮುತ್ತಿಗೆ ಬಿತ್ತು. ಅಲ್ಲಿ ಮಹಾರಾಜನ ಪಡೆಯ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಕೈಲಾದಷ್ಟೂ ಕಾದಾಡಿ, ಅನ್ನವೂ ಮದ್ದುಗುಂಡೂ ತೀರಿದ ಮೇಲೆ 1948ರ ಆಗಸ್ಟ್ 14ರಂದು ಶರಣಾದರು. ಅದೇ ವರ್ಷದ ಕೊನೆಯಲ್ಲಿ ಭಾರತ ಸೇನೆ ಜೊಜಿ ಲಾ ದಾಟಿ ಕಾರ್ಗಿಲ್ಲನ್ನು ಮರಳಿ ಪಡೆಯಿತು. 1949ರ ಜುಲೈ 27ರಂದು ಕರಾಚಿಯಲ್ಲಿ ಒಪ್ಪಿದ ಕದನವಿರಾಮ ರೇಖೆ ವಜಾರತ್ತನ್ನು ಸೀಳಿತು: ಸ್ಕರ್ದು ಪಾಕಿಸ್ತಾನದ ಹಿಡಿತಕ್ಕೆ, ಕಾರ್ಗಿಲ್ ಮತ್ತು ಲೇಹ್ ಭಾರತಕ್ಕೆ.

1971ರ ಯುದ್ಧದಲ್ಲಿ ತುರ್ತುಕ್ ಸೇರಿ ಕೆಲವು ಬಾಲ್ಟಿ ಹಳ್ಳಿಗಳು ಭಾರತಕ್ಕೆ ಬಂದವು. ಆಗ ಊರಿನಿಂದ ಹೊರಗೆ ಹೋಗಿದ್ದವರು ಆಚೆಯೇ ಉಳಿದರು. ಕಾರ್ಗಿಲ್-ಸ್ಕರ್ದು ರಸ್ತೆಯನ್ನು ತೆರೆಯಿರೆಂದು ಎರಡೂ ಕಡೆಯವರು ದಶಕಗಳಿಂದ ಕೇಳುತ್ತಿದ್ದಾರೆ. ಅವರ ಕೇಳಿಕೆ ನ್ಯಾಯವಾದದ್ದು. ರಸ್ತೆ ಇನ್ನೂ ಮುಚ್ಚಿದೆ.