ಸಾವಧಾನತೆ ಆಧಾರಿತ ಅರಿವಿನ ಚಿಕಿತ್ಸೆ

ಸಾವಧಾನತೆ ಆಧಾರಿತ ಅರಿವಿನ ಚಿಕಿತ್ಸೆ (ಸಂಕ್ಷಿಪ್ತವಾಗಿ ಎಂಬಿಸಿಟಿ) ಎಂಬುದು ಖಿನ್ನತೆಯಿಂದ ಚೇತರಿಸಿಕೊಂಡವರಲ್ಲಿ ಆ ಕಾಯಿಲೆಯು ಮರುಕಳಿಸದಂತೆ ತಡೆಯುವ ಉದ್ದೇಶದಿಂದ ರೂಪಿಸಲಾದ ಒಂದು ಮನೋಚಿಕಿತ್ಸಾ ಪದ್ಧತಿ. ಝಿಂಡೆಲ್ ಸೆಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು ಇದನ್ನು 1990ರ ದಶಕದಲ್ಲಿ ಅಭಿವೃದ್ಧಿಪಡಿಸಿದರು. ಬೌದ್ಧ ಧ್ಯಾನ ಪರಂಪರೆಯಿಂದ ಬಂದ ಸಾವಧಾನತೆಯ ಅಭ್ಯಾಸಗಳನ್ನು ಆಧುನಿಕ ಮನೋವಿಜ್ಞಾನದ ಅರಿವಿನ ಚಿಕಿತ್ಸೆಯೊಂದಿಗೆ ಇದರಲ್ಲಿ ಜೋಡಿಸಲಾಗಿದೆ. ಸಾಮಾನ್ಯವಾಗಿ ಎಂಟು ವಾರಗಳ ಕಾಲ, ಗುಂಪಿನಲ್ಲಿ, ತರಬೇತಿ ಪಡೆದ ಬೋಧಕರ ಮಾರ್ಗದರ್ಶನದಲ್ಲಿ ಇದನ್ನು ಕಲಿಸಲಾಗುತ್ತದೆ. ದುಃಖವನ್ನೇ ಇಲ್ಲವಾಗಿಸುವುದು ಈ ಚಿಕಿತ್ಸೆಯ ಗುರಿಯಲ್ಲ. ಸಹಜವಾಗಿ ಬಂದುಹೋಗುವ ದುಃಖವು ಮತ್ತೆ ಖಿನ್ನತೆಯಾಗಿ ಬೆಳೆಯದಂತೆ ನೋಡಿಕೊಳ್ಳುವುದೇ ಇದರ ಗುರಿ.

ಹೆಸರು

ಇಂಗ್ಲಿಷಿನ ‘ಮೈಂಡ್‌ಫುಲ್‌ನೆಸ್’ ಎಂಬ ಪದವು ಪಾಲಿ ಭಾಷೆಯ ‘ಸತಿ’ ಎಂಬ ಶಬ್ದಕ್ಕೆ ಅನುವಾದವಾಗಿ ಬಳಕೆಗೆ ಬಂದಿತು. ‘ಸತಿ’ಯ ಸಂಸ್ಕೃತ ರೂಪ ‘ಸ್ಮೃತಿ’. ಕನ್ನಡದಲ್ಲಿ ಸ್ಮೃತಿ ಎಂದರೆ ನೆನಪು ಎಂಬ ಅರ್ಥವೇ ಪ್ರಬಲವಾಗಿರುವುದರಿಂದ ಸಾವಧಾನತೆ, ಮನೋಜಾಗೃತಿ, ಎಚ್ಚರ ಮುಂತಾದ ಪದಗಳನ್ನು ಬಳಸುವುದುಂಟು. ಇಲ್ಲಿ ಸಾವಧಾನತೆ ಎಂದರೆ ನಿಧಾನ ಎಂದರ್ಥವಲ್ಲ. ಈ ಕ್ಷಣದಲ್ಲಿ ದೇಹದಲ್ಲಿ, ಮನಸ್ಸಿನಲ್ಲಿ ಮತ್ತು ಸುತ್ತಲೂ ನಡೆಯುತ್ತಿರುವುದನ್ನು ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡದೆ, ಉದ್ದೇಶಪೂರ್ವಕವಾಗಿ ಗಮನಿಸುವುದು ಎಂದರ್ಥ.

ಹಿನ್ನೆಲೆ

ಖಿನ್ನತೆಯು ಕೇವಲ ಬೇಸರವಲ್ಲ. ಕನಿಷ್ಠ ಎರಡು ವಾರಗಳ ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಅದರೊಂದಿಗೆ ನಿದ್ರೆ, ಹಸಿವು, ಏಕಾಗ್ರತೆ, ಶಕ್ತಿ ಇವುಗಳಲ್ಲಿ ವ್ಯತ್ಯಾಸ, ತಾನು ನಿಷ್ಪ್ರಯೋಜಕನೆಂಬ ಭಾವನೆ, ಕೆಲವೊಮ್ಮೆ ಸಾವಿನ ಆಲೋಚನೆ ಇವು ಅದರ ಲಕ್ಷಣಗಳು. ಔಷಧ ಅಥವಾ ಮನೋಚಿಕಿತ್ಸೆಯಿಂದ ಈ ಲಕ್ಷಣಗಳು ಇಳಿದು ವ್ಯಕ್ತಿಯು ಸಹಜ ಸ್ಥಿತಿಗೆ ಮರಳುವ ಹಂತವನ್ನು ಉಪಶಮನ ಎನ್ನಲಾಗುತ್ತದೆ.

ಉಪಶಮನವೆಂದರೆ ಕಾಯಿಲೆಯ ಕೊನೆಯಲ್ಲ. ಖಿನ್ನತೆಯು ಅನೇಕರಲ್ಲಿ ಮರುಕಳಿಸುವ ಸ್ವಭಾವದ್ದು; ಒಮ್ಮೆ ಅದಕ್ಕೆ ಒಳಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಜೀವಿತಾವಧಿಯಲ್ಲಿ ಮತ್ತೊಮ್ಮೆ ಅದಕ್ಕೆ ಒಳಗಾಗುತ್ತಾರೆಂದು ಅಂದಾಜಿಸಲಾಗಿದೆ. ಪ್ರತಿಬಾರಿ ಮರುಕಳಿಸಿದಾಗಲೂ ಮುಂದಿನ ಮರುಕಳಿಕೆಯ ಸಂಭವ ಹೆಚ್ಚುತ್ತಾ ಹೋಗುತ್ತದೆ. ಆದ್ದರಿಂದ ಗುಣಪಡಿಸುವುದರಷ್ಟೇ ಗುಣವಾದ ಸ್ಥಿತಿಯನ್ನು ಉಳಿಸಿಕೊಳ್ಳುವುದೂ ಮುಖ್ಯ. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಉಪಾಯವೆಂದರೆ ಚೇತರಿಕೆಯ ನಂತರವೂ ಖಿನ್ನತಾ ನಿವಾರಕ ಔಷಧಗಳನ್ನು ಮುಂದುವರಿಸುವುದು. ಅಡ್ಡ ಪರಿಣಾಮಗಳಿಂದಲೋ, ದೀರ್ಘಕಾಲ ಮಾತ್ರೆ ಸೇವಿಸಲು ಮನಸ್ಸಿಲ್ಲದೆಯೋ ಅನೇಕರು ಇದನ್ನು ನಡುವೆ ನಿಲ್ಲಿಸುತ್ತಾರೆ. ಔಷಧದ ರಕ್ಷಣೆಯಾದರೋ ಅದನ್ನು ಸೇವಿಸುವವರೆಗೆ ಮಾತ್ರ ಇರುತ್ತದೆ.

ಇತಿಹಾಸ

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವಿನ ಚಿಕಿತ್ಸೆಯು ಎಂಬಿಸಿಟಿಯ ಒಂದು ಮೂಲ. ಖಿನ್ನರಾದವರು ತಮ್ಮ ಬಗ್ಗೆ, ಜಗತ್ತಿನ ಬಗ್ಗೆ ಮತ್ತು ಭವಿಷ್ಯದ ಬಗ್ಗೆ ಹೊಂದಿರುವ ನಕಾರಾತ್ಮಕ ಆಲೋಚನೆಗಳನ್ನು ಗುರುತಿಸಿ, ಅವುಗಳ ಸತ್ಯಾಸತ್ಯತೆಯನ್ನು ಪರೀಕ್ಷಿಸಿ ತಿದ್ದಿಕೊಳ್ಳಲು ಈ ಚಿಕಿತ್ಸೆ ಕಲಿಸುತ್ತದೆ. ಎರಡನೆಯ ಮೂಲವು ಜಾನ್ ಕಬಟ್-ಝಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಪ್ರಾರಂಭಿಸಿದ ಒತ್ತಡ ನಿವಾರಣಾ ಕಾರ್ಯಕ್ರಮ. ದೀರ್ಘಕಾಲದ ನೋವು ಮತ್ತು ಕಾಯಿಲೆಗಳಿಂದ ಬಳಲುವವರಿಗಾಗಿ ರೂಪಿಸಿದ ಈ ಎಂಟು ವಾರಗಳ ಕಾರ್ಯಕ್ರಮದಲ್ಲಿ ಧ್ಯಾನ ಮತ್ತು ಸರಳ ಹಠಯೋಗವನ್ನು ಧಾರ್ಮಿಕ ಚೌಕಟ್ಟಿನಿಂದ ಹೊರತಂದು ಕಲಿಸಲಾಗುತ್ತಿತ್ತು.

1990ರ ದಶಕದ ಆರಂಭದಲ್ಲಿ ಟೊರಾಂಟೊದ ಸೆಗಲ್, ಬ್ಯಾಂಗರಿನ ವಿಲಿಯಮ್ಸ್ ಮತ್ತು ಕೇಂಬ್ರಿಡ್ಜಿನ ಟೀಸ್‌ಡೇಲ್ ಅವರು ಅರಿವಿನ ಚಿಕಿತ್ಸೆಯನ್ನು ಗುಣಮುಖರಾದವರಿಗೆ ಹೊಂದುವಂತೆ ಬದಲಾಯಿಸುವ ಕೆಲಸದಲ್ಲಿ ತೊಡಗಿದ್ದರು. ಕಬಟ್-ಝಿನ್ ಅವರ ಕಾರ್ಯಕ್ರಮವನ್ನು ಸಮೀಪದಿಂದ ನೋಡಿದ ಬಳಿಕ ಅವರು ತಮ್ಮ ಯೋಜನೆಯನ್ನು ಮಾರ್ಪಡಿಸಿದರು. ಆರಂಭದಲ್ಲಿ ಗಮನದ ನಿಯಂತ್ರಣಕ್ಕೆ ಸಂಬಂಧಿಸಿದ ತರಬೇತಿ ಎಂದು ಕಲ್ಪಿಸಿಕೊಂಡಿದ್ದ ಪದ್ಧತಿಯು ಕ್ರಮೇಣ ಸಾವಧಾನತೆಯನ್ನೇ ಕೇಂದ್ರವಾಗಿರಿಸಿಕೊಂಡಿತು. ಕಲಿಸುವವರು ಸ್ವತಃ ನಿತ್ಯ ಧ್ಯಾನಾಭ್ಯಾಸ ಮಾಡುವವರಾಗಿರಬೇಕೆಂಬ ನಿಯಮವೂ ಆಗ ರೂಪುಗೊಂಡಿತು. ಈ ಮೂವರು ಬರೆದ ಕೈಪಿಡಿಯು 2002ರಲ್ಲಿ ಪ್ರಕಟವಾಯಿತು. ಅದರ ಎರಡನೆಯ ಆವೃತ್ತಿ 2013ರಲ್ಲಿ ಬಂದಿತು.

ಸೈದ್ಧಾಂತಿಕ ತಳಹದಿ

ಖಿನ್ನತೆಯ ಸಮಯದಲ್ಲಿ ಕುಗ್ಗಿದ ಮನಃಸ್ಥಿತಿ ಮತ್ತು ನಕಾರಾತ್ಮಕ ಆಲೋಚನೆಗಳು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಕಾಯಿಲೆ ಗುಣವಾದ ಮೇಲೆ ಆಲೋಚನೆಗಳು ಮರೆಯಾದರೂ ಈ ಹೆಣಿಗೆ ಬಿಚ್ಚಿಕೊಳ್ಳುವುದಿಲ್ಲ. ಮುಂದೆ ಯಾವುದೋ ಕಾರಣದಿಂದ ಮನಸ್ಸು ಸ್ವಲ್ಪ ಮಂಕಾದರೂ ಹಳೆಯ ಆಲೋಚನೆಗಳೆಲ್ಲ ಒಟ್ಟಿಗೆ ಎಚ್ಚರಗೊಳ್ಳಬಹುದು ಎಂಬುದು ಟೀಸ್‌ಡೇಲ್ ಅವರು 1980ರ ದಶಕದಲ್ಲಿ ಮಂಡಿಸಿದ ವಾದ. ಎಂದೂ ಖಿನ್ನತೆಗೆ ಒಳಗಾಗದವರಿಗೆ ‘ಇಂದು ಮನಸ್ಸು ಸರಿಯಿಲ್ಲ’ ಎನ್ನಿಸುವಲ್ಲಿ, ಹಿಂದೆ ಒಳಗಾದವರಿಗೆ ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎನ್ನಿಸಿಬಿಡುತ್ತದೆ. ಗುಣಮುಖರಾದವರಲ್ಲಿ ತಾತ್ಕಾಲಿಕವಾಗಿ ದುಃಖದ ಭಾವವನ್ನು ಉಂಟುಮಾಡಿ ನಡೆಸಿದ ಅಧ್ಯಯನವನ್ನು ಸೆಗಲ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದರು. ಅಂತಹ ಸಂದರ್ಭದಲ್ಲಿ ನಕಾರಾತ್ಮಕ ಆಲೋಚನೆಗಳು ಹೆಚ್ಚಾಗಿ ಕೆರಳಿದವರಲ್ಲಿ ಮುಂದೆ ಕಾಯಿಲೆ ಮರುಕಳಿಸುವ ಸಂಭವವೂ ಹೆಚ್ಚಾಗಿತ್ತೆಂದು ಅದರಿಂದ ತಿಳಿದುಬಂದಿತು.

ಹೀಗೆ ಕೆರಳಿದ ಆಲೋಚನೆಗಳನ್ನು ಉಳಿಸಿ ಬೆಳೆಸುವುದು ಚಿಂತೆಯ ಮೆಲುಕು. ‘ನನಗೇಕೆ ಹೀಗಾಯಿತು’, ‘ನಾನೇಕೆ ಹೀಗೆ’ ಎಂದು ಮನಸ್ಸು ಪುನಃ ಪುನಃ ವಿಚಾರಿಸುತ್ತದೆ. ಇದರಿಂದ ಪರಿಹಾರ ದೊರೆಯುವುದೆಂದು ತೋರಿದರೂ ವಾಸ್ತವದಲ್ಲಿ ಕುಗ್ಗಿದ ಮನಃಸ್ಥಿತಿ ಇನ್ನಷ್ಟು ದೀರ್ಘವಾಗುತ್ತದೆ. ಈ ವಿಷಯದಲ್ಲಿ ಅಮೆರಿಕದ ಮನೋವಿಜ್ಞಾನಿ ಸೂಸನ್ ನೋಲೆನ್-ಹೋಕ್ಸೆಮಾ ಅವರ ಸಂಶೋಧನೆಗಳು ಪ್ರಸಿದ್ಧವಾಗಿವೆ.

ಎಂಬಿಸಿಟಿಯಲ್ಲಿ ಮನಸ್ಸಿನ ಎರಡು ಕ್ರಮಗಳನ್ನು ಗುರುತಿಸಲಾಗುತ್ತದೆ. ಒಂದು ‘ಮಾಡುವ’ ಕ್ರಮ: ಇರುವ ಸ್ಥಿತಿಗೂ ಬಯಸಿದ ಸ್ಥಿತಿಗೂ ನಡುವಿನ ಅಂತರವನ್ನು ಅಳೆದು ಅದನ್ನು ತುಂಬಲು ಯತ್ನಿಸುವುದು. ಹೊರಗಿನ ಕೆಲಸಗಳಿಗೆ ಇದು ಅತ್ಯಗತ್ಯ. ಆದರೆ ದುಃಖದಂತಹ ಭಾವನೆಯನ್ನು ಇದೇ ಕ್ರಮದಿಂದ ಬಗೆಹರಿಸಹೊರಟಾಗ ಅದು ಮೆಲುಕಾಗಿ ಪರಿಣಮಿಸುತ್ತದೆ. ಇನ್ನೊಂದು ‘ಇರುವ’ ಕ್ರಮ: ಅನುಭವವನ್ನು ಬದಲಾಯಿಸಲು ಅವಸರಿಸದೆ ಇದ್ದಂತೆಯೇ ಅರಿಯುವುದು. ಎರಡನೆಯ ಕ್ರಮಕ್ಕೆ ಹೊರಳುವ ಕೌಶಲವನ್ನು ಈ ಚಿಕಿತ್ಸೆ ಕಲಿಸುತ್ತದೆ.

ಇಲ್ಲಿಯೇ ಸಾಂಪ್ರದಾಯಿಕ ಅರಿವಿನ ಚಿಕಿತ್ಸೆಗೂ ಎಂಬಿಸಿಟಿಗೂ ಇರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮೊದಲನೆಯದು ಆಲೋಚನೆಯ ವಿಷಯವನ್ನು ಪ್ರಶ್ನಿಸಿ ಬದಲಾಯಿಸಲು ಯತ್ನಿಸಿದರೆ, ಎರಡನೆಯದು ಆಲೋಚನೆಯೊಂದಿಗಿನ ಸಂಬಂಧವನ್ನು ಬದಲಾಯಿಸುತ್ತದೆ. ‘ನಾನು ಸೋತವನು’ ಎಂಬುದು ಸತ್ಯವೋ ಸುಳ್ಳೋ ಎಂದು ವಾದಿಸುವ ಬದಲು, ‘ನಾನು ಸೋತವನು ಎಂಬ ಆಲೋಚನೆ ಈಗ ಮನಸ್ಸಿನಲ್ಲಿ ಸುಳಿಯುತ್ತಿದೆ’ ಎಂದು ದೂರ ನಿಂತು ನೋಡುವುದನ್ನು ಅಭ್ಯಾಸ ಮಾಡಿಸಲಾಗುತ್ತದೆ.

ಎಂಟು ವಾರಗಳ ಕಾರ್ಯಕ್ರಮ

ಗುಂಪಿನಲ್ಲಿ ಸಾಮಾನ್ಯವಾಗಿ ಹನ್ನೆರಡು ಮಂದಿಯವರೆಗೆ ಇರುತ್ತಾರೆ. ಪ್ರಾರಂಭಕ್ಕೆ ಮೊದಲು ಬೋಧಕರು ಪ್ರತಿಯೊಬ್ಬರೊಡನೆ ಪ್ರತ್ಯೇಕವಾಗಿ ಮಾತನಾಡುತ್ತಾರೆ. ವಾರಕ್ಕೊಮ್ಮೆ ಸುಮಾರು ಎರಡು ಗಂಟೆಗಳ ತರಗತಿ ನಡೆಯುತ್ತದೆ. ಮನೆಯಲ್ಲಿ ವಾರದ ಆರು ದಿನ, ದಿನಕ್ಕೆ ಸುಮಾರು 45 ನಿಮಿಷ ಅಭ್ಯಾಸ ಮಾಡಬೇಕಾಗುತ್ತದೆ.

ಮೊದಲ ತರಗತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ಎಂದೂ ಕಂಡಿರದ ವಸ್ತುವೆಂಬಂತೆ ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ತಿನ್ನಲು ತಿಳಿಸಲಾಗುತ್ತದೆ. ನಿತ್ಯದ ಕೆಲಸಗಳನ್ನು ಮನಸ್ಸು ಎಷ್ಟು ಯಾಂತ್ರಿಕವಾಗಿ ಮಾಡುತ್ತದೆಂಬುದನ್ನು ತೋರಿಸಿಕೊಡುವುದು ಇದರ ಉದ್ದೇಶ. ಪಾದದಿಂದ ತಲೆಯವರೆಗೆ ದೇಹದ ಒಂದೊಂದು ಭಾಗಕ್ಕೂ ಗಮನ ಹರಿಸುವ ದೇಹಾವಲೋಕನ, ಉಸಿರಿನ ಮೇಲೆ ಗಮನವಿಟ್ಟು ಕುಳಿತು ಮಾಡುವ ಧ್ಯಾನ, ಸಾವಧಾನದ ನಡಿಗೆ ಮತ್ತು ಅಂಗಚಾಲನೆ ಇವು ಕ್ರಮವಾಗಿ ಸೇರಿಕೊಳ್ಳುತ್ತವೆ. ಮನಸ್ಸು ಅಲೆದಾಡುವುದನ್ನು ತಪ್ಪೆಂದು ಪರಿಗಣಿಸುವುದಿಲ್ಲ. ಅಲೆದದ್ದನ್ನು ಗಮನಿಸಿ ಮೃದುವಾಗಿ ಮರಳಿ ತರುವುದೇ ಅಭ್ಯಾಸ.

ಮೂರನೆಯ ವಾರದಿಂದ ಮೂರು ನಿಮಿಷಗಳ ಉಸಿರಾಟದ ಬಿಡುವು ಎಂಬ ಕಿರು ಅಭ್ಯಾಸ ಆರಂಭವಾಗುತ್ತದೆ. ಇದರಲ್ಲಿ ಮೂರು ಹಂತಗಳಿವೆ: ಈಗ ಮನಸ್ಸಿನಲ್ಲಿ ಏನಿದೆ ಎಂದು ಅರಿಯುವುದು, ಗಮನವನ್ನು ಉಸಿರಿನಲ್ಲಿ ನೆಲೆಗೊಳಿಸುವುದು, ಬಳಿಕ ಆ ಗಮನವನ್ನು ಇಡೀ ದೇಹಕ್ಕೆ ವಿಸ್ತರಿಸುವುದು. ಧ್ಯಾನವನ್ನು ದಿನನಿತ್ಯದ ಕಷ್ಟದ ಗಳಿಗೆಗಳಿಗೆ ಒಯ್ಯುವ ಸೇತುವೆಯಾಗಿ ಇದನ್ನು ಬಳಸಲಾಗುತ್ತದೆ.

ಉಳಿದ ವಾರಗಳಲ್ಲಿ ಅಹಿತಕರ ಭಾವನೆಗಳಿಂದ ಓಡಿಹೋಗದೆ ಅವುಗಳಿಗೆ ಅವಕಾಶ ಕೊಡುವುದು, ಆಲೋಚನೆಗಳು ವಾಸ್ತವಾಂಶಗಳಲ್ಲ ಎಂಬುದನ್ನು ಮನಗಾಣುವುದು ಇತ್ಯಾದಿ ವಿಷಯಗಳು ಬರುತ್ತವೆ. ಏಳನೆಯ ವಾರದಲ್ಲಿ ದಿನಚರಿಯಲ್ಲಿ ಚೈತನ್ಯ ನೀಡುವ ಕೆಲಸಗಳಾವುವು, ಬಸವಳಿಸುವ ಕೆಲಸಗಳಾವುವು ಎಂದು ಪಟ್ಟಿ ಮಾಡಲಾಗುತ್ತದೆ. ನಿದ್ರೆ ಕೆಡುವುದು, ಜನರನ್ನು ತಪ್ಪಿಸುವುದು, ಸಣ್ಣದಕ್ಕೂ ಸಿಡುಕುವುದು ಮುಂತಾದ ಮುನ್ಸೂಚನೆಗಳನ್ನು ಪ್ರತಿಯೊಬ್ಬರೂ ಗುರುತಿಸಿಕೊಂಡು, ಅವು ಕಂಡಾಗ ಏನು ಮಾಡಬೇಕೆಂಬ ಯೋಜನೆಯನ್ನು ಬರೆದಿಟ್ಟುಕೊಳ್ಳುತ್ತಾರೆ. ಮನಸ್ಸು ಸ್ವಸ್ಥವಾಗಿರುವಾಗಲೇ ಈ ಸಿದ್ಧತೆ ನಡೆಯಬೇಕಾದ್ದರಿಂದ ಉಪಶಮನದ ಅವಧಿಯು ಈ ಕಲಿಕೆಗೆ ಸೂಕ್ತವೆಂದು ಭಾವಿಸಲಾಗಿದೆ. ತೀವ್ರ ಖಿನ್ನತೆಯಲ್ಲಿರುವಾಗ ಏಕಾಗ್ರತೆಯ ಕೊರತೆಯಿಂದ ಇಂತಹ ಅಭ್ಯಾಸವು ಬಹಳ ಕಷ್ಟವಾಗುತ್ತದೆ.

ಸಂಶೋಧನಾ ಫಲಿತಾಂಶಗಳು

ಮೊದಲ ದೊಡ್ಡ ಪ್ರಯೋಗದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಟೊರಾಂಟೊ, ಕೇಂಬ್ರಿಡ್ಜ್ ಮತ್ತು ಬ್ಯಾಂಗರ್‌ಗಳಲ್ಲಿ ಚೇತರಿಸಿಕೊಂಡಿದ್ದ 145 ಮಂದಿಯನ್ನು ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ, ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ ಮಾತ್ರ, ಇನ್ನೊಂದಕ್ಕೆ ಅದರೊಂದಿಗೆ ಎಂಬಿಸಿಟಿ ದೊರೆಯಿತು. ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾಗಿದ್ದವರಲ್ಲಿ 60 ವಾರಗಳ ಅವಧಿಯಲ್ಲಿ ವಾಡಿಕೆಯ ಚಿಕಿತ್ಸೆಯ ಗುಂಪಿನ ಶೇಕಡಾ 66 ಮಂದಿಗೆ ಕಾಯಿಲೆ ಮರುಕಳಿಸಿದರೆ, ಎಂಬಿಸಿಟಿ ಪಡೆದವರಲ್ಲಿ ಈ ಪ್ರಮಾಣ ಶೇಕಡಾ 37 ಆಗಿತ್ತು. ಎರಡೇ ಬಾರಿ ಒಳಗಾಗಿದ್ದವರಲ್ಲಿ ಮಾತ್ರ ಇಂತಹ ಪ್ರಯೋಜನ ಕಾಣಲಿಲ್ಲ. 2004ರಲ್ಲಿ ಪ್ರಕಟವಾದ 75 ಮಂದಿಯ ಅಧ್ಯಯನದಲ್ಲಿಯೂ ಇದೇ ವಿನ್ಯಾಸ ಕಂಡುಬಂದಿತು. ಎರಡು ಬಾರಿ ಒಳಗಾದವರಲ್ಲಿ ಮರುಕಳಿಕೆಗೆ ಬದುಕಿನ ದೊಡ್ಡ ಆಘಾತಗಳು ಕಾರಣವಾಗಿದ್ದ ಸಂದರ್ಭಗಳು ಹೆಚ್ಚಾಗಿದ್ದವು. ಹಲವು ಬಾರಿ ಒಳಗಾದವರಲ್ಲಿ ಒಳಗಿನಿಂದಲೇ ಹುಟ್ಟುವ ಮೆಲುಕು ಹೆಚ್ಚು ಪಾತ್ರ ವಹಿಸುತ್ತದೆಂದು ಸಂಶೋಧಕರು ವಿವರಿಸಿದರು.

ಔಷಧದೊಂದಿಗಿನ ಹೋಲಿಕೆಗಾಗಿ ಇಂಗ್ಲೆಂಡಿನಲ್ಲಿ 424 ಮಂದಿಯ ಮೇಲೆ ನಡೆದ ಪ್ರಯೋಗವು 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪು ಔಷಧವನ್ನು ಮುಂದುವರಿಸಿತು. ಇನ್ನೊಂದು ಎಂಬಿಸಿಟಿ ಕಲಿತು, ವೈದ್ಯರ ನೆರವಿನಿಂದ ಔಷಧವನ್ನು ಕ್ರಮೇಣ ಕಡಿಮೆ ಮಾಡಲು ಅಥವಾ ನಿಲ್ಲಿಸಲು ಯತ್ನಿಸಿತು. ಎರಡು ವರ್ಷಗಳಲ್ಲಿ ಎಂಬಿಸಿಟಿ ಗುಂಪಿನ ಶೇಕಡಾ 44 ಹಾಗೂ ಔಷಧ ಗುಂಪಿನ ಶೇಕಡಾ 47 ಮಂದಿಗೆ ಕಾಯಿಲೆ ಮರುಕಳಿಸಿತು. ಎಂಬಿಸಿಟಿ ಹೆಚ್ಚು ಪರಿಣಾಮಕಾರಿ ಎಂದು ಇದರಿಂದ ಸಿದ್ಧವಾಗಲಿಲ್ಲ. ಎರಡೂ ಮಾರ್ಗಗಳ ಫಲ ಬಹುಮಟ್ಟಿಗೆ ಹೋಲುತ್ತಿತ್ತು. ಎರಡರಲ್ಲಿಯೂ ಅರ್ಧದ ಸಮೀಪದಷ್ಟು ಜನರಿಗೆ ಕಾಯಿಲೆ ಮರಳಿತೆಂಬುದು ಈ ಸಮಸ್ಯೆಯ ಗಾತ್ರವನ್ನೂ ತೋರಿಸುತ್ತದೆ.

ಒಂಬತ್ತು ಪ್ರಯೋಗಗಳ 1,258 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ ವಿಲ್ಲೆಮ್ ಕೈಕನ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಎಂಬಿಸಿಟಿ ಪಡೆಯದವರಿಗೆ ಹೋಲಿಸಿದರೆ ಪಡೆದವರಲ್ಲಿ 60 ವಾರಗಳೊಳಗಿನ ಮರುಕಳಿಕೆಯ ಅಪಾಯವು ಸುಮಾರು ಶೇಕಡಾ 31ರಷ್ಟು ಕಡಿಮೆಯಾಗಿತ್ತು. ಚೇತರಿಕೆಯ ನಂತರವೂ ಕೆಲವು ಲಕ್ಷಣಗಳು ಉಳಿದುಕೊಂಡಿದ್ದವರಿಗೆ ಹೆಚ್ಚಿನ ಪ್ರಯೋಜನವಾಗಿತ್ತು. ಇನ್ನೊಂದೆಡೆ, 2014ರಲ್ಲಿ ಪ್ರಕಟವಾದ 274 ಮಂದಿಯ ಪ್ರಯೋಗದಲ್ಲಿ ಒಟ್ಟಾರೆಯಾಗಿ ಗಮನಾರ್ಹ ವ್ಯತ್ಯಾಸ ಕಾಣದಿದ್ದರೂ, ಬಾಲ್ಯದಲ್ಲಿ ತೀವ್ರ ಆಘಾತ ಅನುಭವಿಸಿದವರಿಗೆ ಅನುಕೂಲವಾದುದು ಕಂಡುಬಂದಿತು.

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ‘ನೈಸ್’ 2004ರಿಂದಲೂ ಖಿನ್ನತೆಯ ಮರುಕಳಿಕೆ ತಡೆಯುವ ಚಿಕಿತ್ಸೆಗಳಲ್ಲಿ ಎಂಬಿಸಿಟಿಯನ್ನು ಸೇರಿಸಿದೆ.

ಮಿತಿಗಳು ಮತ್ತು ಎಚ್ಚರಿಕೆಗಳು

ಬಹುತೇಕ ಅಧ್ಯಯನಗಳು ಬ್ರಿಟನ್, ಕೆನಡಾ ಮತ್ತು ಯುರೋಪಿನ ಇತರ ದೇಶಗಳಲ್ಲಿ ನಡೆದಿವೆ. ತಾನು ಯಾವ ಚಿಕಿತ್ಸೆ ಪಡೆಯುತ್ತಿದ್ದೇನೆಂಬುದು ಭಾಗವಹಿಸುವವರಿಗೆ ತಿಳಿದೇ ಇರುವುದರಿಂದ, ಫಲಿತಾಂಶದಲ್ಲಿ ನಿರೀಕ್ಷೆಯ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಪ್ರತಿದಿನದ ಅಭ್ಯಾಸಕ್ಕೆ ಬೇಕಾದ ಸಮಯ ಮತ್ತು ಏಕಾಂತ ಎಲ್ಲರಿಗೂ ದೊರೆಯುವುದಿಲ್ಲ.

ಧ್ಯಾನವು ಎಲ್ಲರಿಗೂ ಹಿತಕರವೆಂದು ಹೇಳುವಂತಿಲ್ಲ. ಕೆಲವರಲ್ಲಿ ಆತಂಕ ಹೆಚ್ಚುವುದು ಅಥವಾ ಹಳೆಯ ಆಘಾತದ ನೆನಪುಗಳು ಮೇಲೆದ್ದು ಬರುವುದುಂಟು. ಆತ್ಮಹತ್ಯೆಯ ಆಲೋಚನೆಗಳಿರುವವರು, ಚಿತ್ತವಿಕಲತೆಯ ಲಕ್ಷಣಗಳಿರುವವರು, ಮದ್ಯ ಅಥವಾ ಮಾದಕ ವಸ್ತುಗಳ ವ್ಯಸನದಲ್ಲಿರುವವರು ಮೊದಲು ಮನೋವೈದ್ಯರ ಚಿಕಿತ್ಸೆ ಪಡೆಯುವುದು ಅಗತ್ಯ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಔಷಧವನ್ನು ಕಡಿಮೆ ಮಾಡಿದ್ದು ವೈದ್ಯರ ಉಸ್ತುವಾರಿಯಲ್ಲಿ. ಧ್ಯಾನ ಆರಂಭಿಸಿದೆನೆಂದು ತಾನಾಗಿಯೇ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ. ಮೊಬೈಲ್ ಆ್ಯಪ್‌ಗಳಲ್ಲಿ ದೊರೆಯುವ ಧ್ಯಾನದ ಧ್ವನಿಮುದ್ರಣಗಳನ್ನು ಈ ಎಂಟು ವಾರಗಳ ಚಿಕಿತ್ಸೆಗೆ ಸಮನೆಂದು ತಿಳಿಯಬಾರದು.

ಭಾರತದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದಾರೆ. ಖಿನ್ನತೆಯಿರುವವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಇಂತಹ ಸ್ಥಿತಿಯಲ್ಲಿ ಮೊದಲ ಬಾರಿಯ ಚಿಕಿತ್ಸೆಯಷ್ಟೇ ಅಲ್ಲದೆ ಚೇತರಿಕೆಯ ನಂತರದ ಆರೈಕೆಯೂ ದೊಡ್ಡ ಸವಾಲಾಗಿದೆ. ಯೋಗ ಮತ್ತು ಧ್ಯಾನ ಇಲ್ಲಿ ಪರಿಚಿತವಾದರೂ, ಖಿನ್ನತೆಯ ಮರುಕಳಿಕೆಯನ್ನು ಗುರಿಯಾಗಿಟ್ಟುಕೊಂಡ ಎಂಬಿಸಿಟಿಯು ಸಾಮಾನ್ಯ ಧ್ಯಾನ ಶಿಬಿರಗಳಿಂದ ಭಿನ್ನವಾದುದು. ಇದನ್ನು ಪಡೆಯಬಯಸುವವರು ಬೋಧಕರ ತರಬೇತಿಯನ್ನು ವಿಚಾರಿಸಿಕೊಂಡು, ತಮಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆ ಪಡೆಯುವುದು ಸೂಕ್ತ. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ (14416) ಮೂಲಕ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತ ಆಪ್ತಸಮಾಲೋಚನೆ ಲಭ್ಯವಿದೆ.